ವಿದೇಶಕ್ಕೆ ಓದಲು ಹೋಗುವ ಮೊದಲು ನಿಮ್ಮದೇ ವಿಶ್ವವಿದ್ಯಾಲಯದ ಕೌಂಟರ್ ದಾಟುವುದು ಹೇಗೆ

ಒಂದು ಲಕೋಟೆಯಿಂದ ಶುರು ಮಾಡುತ್ತೇನೆ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಧಿಕೃತ ಅಂಕಪಟ್ಟಿ, ಒಳಗಿಟ್ಟು ಅಂಟಿಸಿದ ಮೇಲೆ, ಆ ಅಂಟಿಸಿದ ಜಾಗದ ಮೇಲೇ ಒಂದು ಸೀಲು, ಒಂದು ಸಹಿ ಬೀಳಬೇಕಿತ್ತು. ಸೀಲು ಬಿದ್ದಿತ್ತು, ಆದರೆ ಲಕೋಟೆಯ ಮುಂದುಗಡೆ. ನಾನು ನೋಡದೆ ಸುಮ್ನೆ ತೆಗೆದುಕೊಂಡು ಬಂದು ಕೊರಿಯರ್‌ಗೆ ಹಾಕಿದೆ. ಮೂರು ವಾರದ ಮೇಲೆ ಆ ಕಡೆಯ ಯೂನಿವರ್ಸಿಟಿಯಿಂದ ಮೇಲ್ ಬಂತು: ಇದು ನಿಮ್ಮ ವಿಶ್ವವಿದ್ಯಾಲಯದಿಂದಲೇ ಬಂದದ್ದು ಅಂತ ನಾವು ಒಪ್ಪುವುದಕ್ಕೆ ಆಗುವುದಿಲ್ಲ, ಮತ್ತೆ ಕಳಿಸಿ. ಮತ್ತೆ ಅರ್ಜಿ, ಮತ್ತೆ ಚಲನ್, ಮತ್ತೆ ರಾತ್ರಿ ಬಸ್ಸು. ಅಷ್ಟರಲ್ಲಿ ಎರಡು ಕಡೆ ಕೊನೆಯ ದಿನ ದಾಟಿಹೋಗಿತ್ತು.

ವಿದೇಶಕ್ಕೆ ಓದಲು ಹೊರಟವರು ಆ ಕಡೆಯ ಯೂನಿವರ್ಸಿಟಿ, ವೀಸಾ, ಐಇಎಲ್‌ಟಿಎಸ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಈ ಕಡೆಯದ್ದು ಹೇಗೂ ನಮ್ಮದೇ ಕಾಲೇಜು ಅಲ್ವಾ, ಆಗುತ್ತೆ ಬಿಡು ಅಂದುಕೊಳ್ಳುತ್ತಾರೆ. ನಾನು ಹೋದಾಗಲೂ, ಆಮೇಲೆ ಜೂನಿಯರ್‌ಗಳು ಫೋನ್ ಮಾಡಿ ಗೋಳು ಹೇಳಿಕೊಂಡಾಗಲೂ ನೋಡಿದ್ದೇನೆ: ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲಿ, ನಮ್ಮದೇ ವಿಶ್ವವಿದ್ಯಾಲಯದ ಮೇಜಿನ ಮೇಲೆ. ಹಾಗಾಗಿ ಇದು ಆ ಮೇಜುಗಳ ಬಗ್ಗೆ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಅಥವಾ ಡಿಗ್ರಿ ಓದುತ್ತಿದ್ದು, ಅಮೆರಿಕಕ್ಕೋ ಜರ್ಮನಿಗೋ ಮಾಸ್ಟರ್ಸ್‌ಗೆ ಹೋಗಬೇಕು ಅಥವಾ ಮಧ್ಯದಲ್ಲಿ ಒಂದು ಸೆಮಿಸ್ಟರ್ ಹೊರಗೆ ಓದಿ ಬರಬೇಕು ಅಂದುಕೊಂಡವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಹೆಜ್ಜೆ 1: ನಿಮ್ಮ ವಿಶ್ವವಿದ್ಯಾಲಯ ಯಾವುದು ಅಂತ ಮೊದಲು ತಿಳಿದುಕೊಳ್ಳಿ

ನಗಬೇಡಿ. ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ. ನೀವು ಓದುವುದು ಕಾಲೇಜಿನಲ್ಲಿ, ಆದರೆ ಪದವಿ ಕೊಡುವುದು ಬಹುತೇಕ ಬೇರೆ ಸಂಸ್ಥೆ. ಇಂಜಿನಿಯರಿಂಗ್ ಆದರೆ ಸಾಮಾನ್ಯವಾಗಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು. 1998ರಲ್ಲಿ ಶುರುವಾದ ಇದರ ಕೆಳಗೆ 200ಕ್ಕೂ ಹೆಚ್ಚು ಕಾಲೇಜುಗಳಿವೆ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾನೂನಾದರೆ ಹುಬ್ಬಳ್ಳಿಯದ್ದು. ಬಿಎ, ಬಿಎಸ್ಸಿ, ಬಿಕಾಂ ಆದರೆ ನಿಮ್ಮ ಭಾಗದ ವಿಶ್ವವಿದ್ಯಾಲಯ. ಬೆಂಗಳೂರಿನವರು ಇನ್ನೂ ಸ್ವಲ್ಪ ಎಚ್ಚರ ವಹಿಸಿ, ಯಾಕಂದರೆ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾಯಿತು. ನಿಮ್ಮ ಕಾಲೇಜಿನ ಬೋರ್ಡ್ ಮೇಲೆ ಇವತ್ತು ಬರೆದಿರುವ ಹೆಸರಿಗಿಂತ ನಿಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಅಚ್ಚಾಗಿರುವ ಹೆಸರು ಮುಖ್ಯ. ವಿದೇಶಿ ಅರ್ಜಿಯಲ್ಲಿ "ಪದವಿ ನೀಡುವ ಸಂಸ್ಥೆ" ಅಂತ ಕೇಳಿದರೆ ಆ ಹೆಸರನ್ನೇ ಹಾಕಿ, ಕಾಲೇಜಿನ ಹೆಸರು ಬೇರೆ ಕಾಲಂನಲ್ಲಿ ಬರಲಿ.

ಮುಂದಿನ ಪ್ರಶ್ನೆ: ಯಾವ ಕಾಗದ ಕಾಲೇಜಿನಿಂದ, ಯಾವುದು ವಿಶ್ವವಿದ್ಯಾಲಯದಿಂದ? ಬೋನಫೈಡ್ (ಇಲ್ಲಿ ಓದುತ್ತಿದ್ದಾರೆ ಅನ್ನುವ ಪತ್ರ), ಬೋಧನಾ ಮಾಧ್ಯಮದ ಪತ್ರ, ಶಿಫಾರಸು ಪತ್ರ, ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಇವು ಸಾಮಾನ್ಯವಾಗಿ ಪ್ರಿನ್ಸಿಪಾಲರ ಸಹಿಯಲ್ಲಿ ಕಾಲೇಜಿನಲ್ಲೇ ಸಿಗುತ್ತವೆ. ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಪ್ರಾವಿಷನಲ್ (ತಾತ್ಕಾಲಿಕ) ಪದವಿ ಪ್ರಮಾಣಪತ್ರ, ಪದವಿ ಪ್ರಮಾಣಪತ್ರ ಇವಕ್ಕೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ, ಅಂದರೆ ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿ. ಸ್ವಾಯತ್ತ ಕಾಲೇಜಾದರೆ ಪರೀಕ್ಷೆಯನ್ನು ಅವರೇ ನಡೆಸುವುದರಿಂದ ಮಾರ್ಕ್ಸ್ ಕಾರ್ಡ್ ಅವರದ್ದು, ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಆಗ ಆ ಕಡೆಯವರಿಗೆ ಗೊಂದಲ ಆಗುತ್ತದೆ: ಅಂಕ ಒಬ್ಬರದ್ದು, ಪದವಿ ಇನ್ನೊಬ್ಬರದ್ದು ಯಾಕೆ ಅಂತ. ಕಾಲೇಜಿನ ಪರೀಕ್ಷಾ ನಿಯಂತ್ರಕರ ಹತ್ತಿರ ಇದನ್ನು ವಿವರಿಸುವ ಒಂದು ಪತ್ರ ಮೊದಲೇ ಬರೆಸಿ ಇಟ್ಟುಕೊಳ್ಳಿ. ಅರ್ಧ ಪುಟ ಸಾಕು.

ಇದೆಲ್ಲದರ ನಿಜವಾದ ಮಾಹಿತಿ ಯಾರ ಹತ್ತಿರ ಇರುತ್ತದೆ ಗೊತ್ತಾ? ಪ್ಲೇಸ್‌ಮೆಂಟ್ ಆಫೀಸರ್ ಹತ್ತಿರ ಅಲ್ಲ. "ಇಂಟರ್‌ನ್ಯಾಷನಲ್ ರಿಲೇಷನ್ಸ್" ಅಂತ ಬೋರ್ಡ್ ಹಾಕಿಕೊಂಡ ರೂಮಿನಲ್ಲೂ ಎಷ್ಟೋ ಸಲ ಇರುವುದಿಲ್ಲ. ಕಾಲೇಜು ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಪರೀಕ್ಷಾ ವಿಭಾಗ ನೋಡುತ್ತಿರುವ ಕೇಸ್ ವರ್ಕರ್ ಒಬ್ಬರು ಇರುತ್ತಾರೆ. ಅವರನ್ನು ಹುಡುಕಿ. "ಮೇಡಂ, ಮುಂದಿನ ವರ್ಷ ಹೊರಗೆ ಹೋಗಬೇಕು ಅಂತಿದ್ದೀನಿ, ಏನೇನು ಮಾಡಿಸಬೇಕು ಸ್ವಲ್ಪ ಹೇಳ್ತೀರಾ" ಅಂತ, ಮಧ್ಯಾಹ್ನ ಊಟ ಆದ ಮೇಲೆ, ಕೌಂಟರ್ ಖಾಲಿ ಇರುವಾಗ ಕೇಳಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಹೋಗಿ ಕೇಳಿದರೆ ಬೈಸಿಕೊಂಡು ಬರುತ್ತೀರಿ, ಅದು ನ್ಯಾಯವೇ.

ಹೆಜ್ಜೆ 2: ಹೆಸರು

ಇದನ್ನು ಎರಡನೆಯ ವರ್ಷದಲ್ಲೇ ಮಾಡಿ ಮುಗಿಸಿ. ನಮ್ಮ ಕಡೆ ಹೆಸರು ಅಂದರೆ ಒಂದು ಹೆಸರು, ಜೊತೆಗೆ ಒಂದೋ ಎರಡೋ ಇನಿಷಿಯಲ್. ಅದು ಅಪ್ಪನ ಹೆಸರೂ ಆಗಿರಬಹುದು, ಊರಿನ ಹೆಸರೂ ಆಗಿರಬಹುದು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ "ಮಂಜುನಾಥ ಎಚ್.ಎಸ್.", ಆಧಾರ್‌ನಲ್ಲಿ "ಎಚ್.ಎಸ್. ಮಂಜುನಾಥ್", ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಮೂರು ಪದ. ನಮಗೆ ಮೂವರೂ ಒಬ್ಬನೇ. ಆ ಕಡೆಯ ಕಂಪ್ಯೂಟರಿಗೆ ಮೂರು ಜನ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಲಕ್ಷ್ಮಿಗೆ ಒಂದು ಕಡೆ ಎಕ್ಸ್, ಇನ್ನೊಂದು ಕಡೆ ಕೆಎಸ್‌ಎಚ್ ಇದ್ದರೆ ಕತೆ ಮುಗಿಯಿತು. ಸರ್‌ನೇಮ್ ಕಾಲಂ ಖಾಲಿ ಬಿಟ್ಟ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಬರುತ್ತದೆ. ಬ್ಯಾಂಕ್ ಖಾತೆಯಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್‌ವರೆಗೆ ಅದೇ ಹೆಸರು ನಿಮ್ಮ ಬೆನ್ನಿಗೆ ಬೀಳುತ್ತದೆ.

ಏನು ಮಾಡಬೇಕು? ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಮೂಲ ಅಂತ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ, ಇನಿಷಿಯಲ್ ಬಿಡಿಸಿದ ಹೆಸರನ್ನು ಅಲ್ಲಿ ಹಾಕಿಸಿ. ವಿಶ್ವವಿದ್ಯಾಲಯದ ಮಾರ್ಕ್ಸ್ ಕಾರ್ಡ್‌ನಲ್ಲಿ ತಪ್ಪಿದ್ದರೆ ಈಗಲೇ, ಪದವಿ ಪ್ರಮಾಣಪತ್ರ ಅಚ್ಚಾಗುವ ಮೊದಲೇ, ಎಸ್‌ಎಸ್‌ಎಲ್‌ಸಿ ಕಾರ್ಡಿನ ಪ್ರತಿ ಲಗತ್ತಿಸಿ ಕಾಲೇಜಿನ ಮೂಲಕ ತಿದ್ದುಪಡಿಗೆ ಅರ್ಜಿ ಕೊಡಿ. ಒಂದು ಸೆಮಿಸ್ಟರ್ ಕಾರ್ಡಿನ ತಪ್ಪು ಎಂಟು ಕಾರ್ಡ್‌ಗೆ ಹರಡಿದ ಮೇಲೆ ತಿದ್ದಿಸುವುದು ಎಂಟು ಪಟ್ಟು ಕೆಲಸ. ತಿದ್ದಲು ಆಗದೇ ಇದ್ದರೆ "ಈ ಎರಡೂ ಹೆಸರು ಒಬ್ಬರದ್ದೇ" ಅಂತ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಬಹುದು, ಆದರೆ ಅದನ್ನು ಎಲ್ಲ ಕಡೆ ಒಪ್ಪುತ್ತಾರೆ ಅಂತ ನಂಬಿ ಕೂರಬೇಡಿ.

ಹೆಜ್ಜೆ 3: ಎರಡು ಕ್ಯಾಲೆಂಡರ್ ಪಕ್ಕ ಪಕ್ಕ ಇಡಿ

ಅಮೆರಿಕದ ಫಾಲ್ ಸೆಮಿಸ್ಟರ್ ಅಂದರೆ ಆಗಸ್ಟ್ ಕೊನೆಗೆ ತರಗತಿ ಶುರು. ಅದಕ್ಕೆ ಅರ್ಜಿಯ ಕೊನೆ ದಿನಗಳು ಹಿಂದಿನ ಡಿಸೆಂಬರ್, ಜನವರಿಯ ಸುತ್ತ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು. ಅರ್ಜಿ ಕೆಲವು ಕಡೆ ಮಾರ್ಚ್‌ಗೆ ಮುಗಿಯುತ್ತದೆ, ಕೆಲವು ಕಡೆ ಮೇ 31, ಇನ್ನು ಕೆಲವು ಕಡೆ ಜುಲೈ 15. ಈಗ ಪಕ್ಕದಲ್ಲಿ ನಿಮ್ಮ ಕ್ಯಾಲೆಂಡರ್ ಇಡಿ. ಏಳನೆಯ ಸೆಮಿಸ್ಟರ್ ಪರೀಕ್ಷೆ ಡಿಸೆಂಬರ್‌ನಲ್ಲೋ ಜನವರಿಯಲ್ಲೋ. ಅಂದರೆ ಅರ್ಜಿ ಹಾಕುವ ತಿಂಗಳೂ ಪರೀಕ್ಷೆಯ ತಿಂಗಳೂ ಒಂದೇ, ಮೇಷ್ಟ್ರುಗಳೂ ಅದೇ ಸಮಯಕ್ಕೆ ಮೌಲ್ಯಮಾಪನಕ್ಕೆ ಹೋಗಿರುತ್ತಾರೆ. ಎಂಟನೆಯ ಸೆಮಿಸ್ಟರ್ ಫಲಿತಾಂಶ ಬಂದು, ಪ್ರಾವಿಷನಲ್ ಸಿಗುವ ಹೊತ್ತಿಗೆ ಅಲ್ಲಿ ಓರಿಯೆಂಟೇಷನ್ ಶುರುವಾಗಿರುವ ಸಾಧ್ಯತೆ ಇದೆ.

ಹಾಗಾಗಿ ಹಿಂದಕ್ಕೆ ಎಣಿಸಿ. ಡಿಸೆಂಬರ್ ಕೊನೆ ದಿನ ಆದರೆ ಆರನೆಯ ಸೆಮಿಸ್ಟರ್ ಫಲಿತಾಂಶ ಬಂದ ತಕ್ಷಣ, ಆಗಸ್ಟ್ ಸೆಪ್ಟೆಂಬರ್‌ನಲ್ಲೇ, ಅಲ್ಲಿಯವರೆಗಿನ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಕೊಡಿ. ಶಿಫಾರಸು ಪತ್ರಕ್ಕೆ ಸೆಪ್ಟೆಂಬರ್‌ನಲ್ಲೇ ಕೇಳಿ. ದಸರಾ ರಜೆ, ದೀಪಾವಳಿ, ನವೆಂಬರ್ ಪೂರ್ತಿ ರಾಜ್ಯೋತ್ಸವದ ಕಾರ್ಯಕ್ರಮ. ಈ ತಿಂಗಳುಗಳಲ್ಲಿ ಕಚೇರಿ ತೆರೆದಿರುವ ದಿನಗಳನ್ನು ನಿಜವಾಗಿ ಎಣಿಸಿ ನೋಡಿ, ಗಾಬರಿ ಆಗುತ್ತದೆ.

ಹೆಜ್ಜೆ 4: ಶಿಫಾರಸು ಪತ್ರ

ಸಾಮಾನ್ಯವಾಗಿ ಎರಡು ಅಥವಾ ಮೂರು ಕೇಳುತ್ತಾರೆ. ನಮ್ಮಲ್ಲಿ ಎಲ್ಲರೂ ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಪ್ರಿನ್ಸಿಪಾಲ್ ಅಂತ ದೊಡ್ಡ ಹುದ್ದೆಯ ಹಿಂದೆ ಓಡುತ್ತಾರೆ. ಇದು ತಪ್ಪು ಲೆಕ್ಕ. ನಿಮ್ಮ ಮುಖವೇ ನೆನಪಿಲ್ಲದ ಪ್ರಿನ್ಸಿಪಾಲರು ಬರೆದ "ಈ ವಿದ್ಯಾರ್ಥಿ ಶ್ರದ್ಧಾವಂತ, ಸಚ್ಚಾರಿತ್ರ್ಯವುಳ್ಳವನು" ಅನ್ನುವ ಪತ್ರ ನಡತೆ ಪ್ರಮಾಣಪತ್ರದ ಹಾಗಿರುತ್ತದೆ, ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಪ್ರಾಜೆಕ್ಟ್ ಗೈಡ್ ಮಾಡಿದ, ಲ್ಯಾಬ್‌ನಲ್ಲಿ ನಿಮ್ಮ ಜೊತೆ ಸಂಜೆ ಆರರವರೆಗೆ ನಿಂತ ಅಸಿಸ್ಟೆಂಟ್ ಪ್ರೊಫೆಸರ್ ಬರೆದ ಒಂದು ಪುಟಕ್ಕೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬೆಲೆ.

ಈಗ ಎಲ್ಲರಿಗೂ ಗೊತ್ತಿದ್ದೂ ಯಾರೂ ಹೇಳದ ವಿಷಯ. "ನೀನೇ ಬರೆದುಕೊಂಡು ಬಾರಪ್ಪ, ಸೈನ್ ಹಾಕ್ತೀನಿ" ಅನ್ನುತ್ತಾರೆ. ಪಾಪ, ಅವರಿಗೆ ಅರವತ್ತು ಮಕ್ಕಳು, ಮೂರು ಸೆಕ್ಷನ್, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕೆಲಸ ಬೇರೆ. ಆದರೂ ನೀವೇ ಬರೆಯಬೇಡಿ. ಮೂರೂ ಪತ್ರ ಒಂದೇ ಕೈ ಬರೆದದ್ದು ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಅದರ ಬದಲು ಒಂದು ಪುಟದ ಮಾಹಿತಿ ಹಾಳೆ ಕೊಡಿ: ಅವರ ಹತ್ತಿರ ಯಾವ ವಿಷಯ ಓದಿದಿರಿ, ಎಷ್ಟು ಬಂತು, ಯಾವ ಪ್ರಾಜೆಕ್ಟ್, ಅದರಲ್ಲಿ ನಿಮ್ಮ ಕೈಯಾರೆ ಮಾಡಿದ್ದೇನು, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದಿರಿ. ಅವರು ನೆನಪು ಮಾಡಿಕೊಂಡು ತಮ್ಮ ಮಾತಲ್ಲಿ ಬರೆಯಲು ಇಷ್ಟು ಸಾಕು. "ಸರ್, ನಾನು ಬಂದು ಕೂರ್ತೀನಿ, ನೀವು ಹೇಳಿ, ನಾನು ಟೈಪ್ ಮಾಡ್ತೀನಿ" ಅಂದರೂ ನಡೆಯುತ್ತದೆ, ಮಾತು ಅವರದ್ದಾಗಿರಲಿ ಅಷ್ಟೇ.

ಇನ್ನೊಂದು ಚಿಕ್ಕ ವಿಷಯ, ದೊಡ್ಡ ತಲೆನೋವು: ಇಮೇಲ್. ಅರ್ಜಿಯಲ್ಲಿ ಮೇಷ್ಟ್ರ ಇಮೇಲ್ ಹಾಕಿದರೆ ಅವರಿಗೆ ನೇರವಾಗಿ ಲಿಂಕ್ ಹೋಗುತ್ತದೆ. ತುಂಬಾ ಕಡೆ ಸಂಸ್ಥೆಯ ಇಮೇಲೇ ಬೇಕು ಅನ್ನುತ್ತಾರೆ, ಜಿಮೇಲ್ ಕಂಡರೆ ಅನುಮಾನ ಪಡುತ್ತಾರೆ. ನಮ್ಮ ಮೇಷ್ಟ್ರುಗಳು ಕಾಲೇಜಿನ ಇಮೇಲ್ ತೆರೆದು ಎಷ್ಟು ಕಾಲವಾಯಿತೋ, ಪಾಸ್‌ವರ್ಡೇ ಮರೆತಿರುತ್ತಾರೆ. ಅರ್ಜಿ ತುಂಬುವ ಮೊದಲೇ ಅವರಿಗೆ ಒಂದು ಮೇಲ್ ಹಾಕಿ, ಬಂದಿದೆಯಾ ಅಂತ ಎದುರಿಗೇ ನಿಂತು ಕೇಳಿ. ಬಂದಿಲ್ಲದಿದ್ದರೆ ಕಂಪ್ಯೂಟರ್ ಸೆಂಟರ್‌ನವರನ್ನು ಹಿಡಿದು ಸರಿ ಮಾಡಿಸಿ. ಹತ್ತು ಯೂನಿವರ್ಸಿಟಿಗೆ ಹಾಕಿದರೆ ಅವರಿಗೆ ಹತ್ತು ಲಿಂಕ್ ಹೋಗುತ್ತದೆ ಅನ್ನುವುದನ್ನೂ ಮೊದಲೇ ಹೇಳಿ, ಒಂದೇ ಸಲ ಕೂತು ಎಲ್ಲವನ್ನೂ ಮುಗಿಸುವ ಹಾಗೆ ಪಟ್ಟಿ ಕೊಡಿ. ಅಮೆರಿಕದ ಅರ್ಜಿಗಳಲ್ಲಿ "ಈ ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ" ಅಂತ ಕೇಳುತ್ತಾರೆ. ಬಿಟ್ಟುಕೊಡಿ. ವಿದ್ಯಾರ್ಥಿ ನೋಡುವುದಿಲ್ಲ ಅಂತಾದರೆ ಪತ್ರವನ್ನು ಹೆಚ್ಚು ನಂಬುತ್ತಾರೆ.

ಹೆಜ್ಜೆ 5: ಟ್ರಾನ್ಸ್‌ಕ್ರಿಪ್ಟ್

ನಮ್ಮ ಮಾರ್ಕ್ಸ್ ಕಾರ್ಡ್ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ಮಾರ್ಕ್ಸ್ ಕಾರ್ಡ್ ಸೆಮಿಸ್ಟರಿಗೊಂದು. ಟ್ರಾನ್ಸ್‌ಕ್ರಿಪ್ಟ್ ಅಂದರೆ ಎಲ್ಲ ಸೆಮಿಸ್ಟರ್‌ಗಳನ್ನೂ ಸೇರಿಸಿ, ವಿಷಯ, ಕ್ರೆಡಿಟ್, ಗ್ರೇಡ್ ಸಮೇತ ವಿಶ್ವವಿದ್ಯಾಲಯ ದೃಢೀಕರಿಸಿ ಕೊಡುವ ಕಾಗದ. ಕೆಲವು ವಿಶ್ವವಿದ್ಯಾಲಯಗಳು ಮಾರ್ಕ್ಸ್ ಕಾರ್ಡಿನ ಜೆರಾಕ್ಸ್‌ಗೇ ಸೀಲು ಹಾಕಿ ಅದನ್ನೇ ಟ್ರಾನ್ಸ್‌ಕ್ರಿಪ್ಟ್ ಅನ್ನುತ್ತವೆ, ಅದೂ ಬಹುತೇಕ ನಡೆಯುತ್ತದೆ.

ಮೊದಲು ದುಡ್ಡು ಉಳಿಸುವ ಮಾತು. ಅಮೆರಿಕದ ಬಹಳಷ್ಟು ಯೂನಿವರ್ಸಿಟಿಗಳು ಅರ್ಜಿ ಹಾಕುವಾಗ ನೀವೇ ಸ್ಕ್ಯಾನ್ ಮಾಡಿ ಹಾಕಿದ ಮಾರ್ಕ್ಸ್ ಕಾರ್ಡ್ ಸಾಕು ಅನ್ನುತ್ತವೆ. ಸೀಲು ಹಾಕಿದ ಲಕೋಟೆ ಬೇಕಾಗುವುದು ಅಡ್ಮಿಷನ್ ಸಿಕ್ಕಿದ ಮೇಲೆ. ಇದನ್ನು ನೋಡದೆ ಹನ್ನೆರಡು ಕಡೆಗೆ ಹನ್ನೆರಡು ಲಕೋಟೆ ಮಾಡಿಸಿ, ಕೊರಿಯರ್‌ಗೆ ದುಡ್ಡು ಸುರಿದ ಗೆಳೆಯ ನನಗಿದ್ದಾನೆ. ಪ್ರತಿ ಯೂನಿವರ್ಸಿಟಿಯ ಪುಟ ಓದಿ ಮೂರು ಗುಂಪು ಮಾಡಿ: ಸ್ಕ್ಯಾನ್ ಸಾಕು, ಸೀಲು ಲಕೋಟೆ ಬೇಕು, ಬೇರೆ ದೇಶದ ಪದವಿಯನ್ನು ಅಲ್ಲಿಯ ಲೆಕ್ಕಕ್ಕೆ ಅಳೆಯುವ ಡಬ್ಲ್ಯುಇಎಸ್ ತರಹದ ಸಂಸ್ಥೆಯ ಮೌಲ್ಯಮಾಪನ ಬೇಕು.

ಲಕೋಟೆ ಮಾಡಿಸುವಾಗ ಕೌಂಟರ್‌ನಲ್ಲೇ ನಿಂತು ನೋಡಬೇಕಾದ್ದು ಇಷ್ಟು. ಪ್ರತಿ ಹಾಳೆಯ ಮೇಲೂ ಸೀಲು, ಸಹಿ, ಹೆಸರು, ಹುದ್ದೆ ಇದೆಯೇ. ಗ್ರೇಡ್ ಅಳತೆಯ ವಿವರ ಇರುವ ಹಾಳೆ ಸೇರಿದೆಯೇ. ಮಾರ್ಕ್ಸ್ ಕಾರ್ಡಿನ ಹಿಂದುಗಡೆ ಅದು ಅಚ್ಚಾಗಿದ್ದರೆ ಹಿಂದುಗಡೆಯನ್ನೂ ಜೆರಾಕ್ಸ್ ಮಾಡಿದ್ದಾರೆಯೇ. ಸ್ಪೆಲಿಂಗ್ ಪಾಸ್‌ಪೋರ್ಟ್‌ನಂತೆಯೇ ಇದೆಯೇ. ಕೊನೆಗೆ ಆ ಅಂಟಿಸಿದ ಜಾಗ: ಸೀಲೂ ಸಹಿಯೂ ಅರ್ಧ ಲಕೋಟೆಯ ಮೇಲೆ, ಅರ್ಧ ಮುಚ್ಚಳದ ಮೇಲೆ ಬೀಳಬೇಕು. ಡಬ್ಲ್ಯುಇಎಸ್ ಆದರೆ ಅವರ ಫಾರ್ಮ್ ಒಂದಿದೆ, ಅದನ್ನು ವಿಶ್ವವಿದ್ಯಾಲಯದವರೇ ತುಂಬಿ ಸಹಿ ಮಾಡಿ ಲಕೋಟೆಯೊಳಗೆ ಇಡಬೇಕು, ನಿಮ್ಮ ರೆಫರೆನ್ಸ್ ನಂಬರ್ ಲಕೋಟೆಯ ಮೇಲೆ ಇರಬೇಕು. ಆ ಫಾರ್ಮನ್ನು ಪ್ರಿಂಟ್ ಹಾಕಿಸಿ, ನಿಮ್ಮ ಭಾಗ ತುಂಬಿ, ಅವರು ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಡಿ. ಎಲ್ಲಕ್ಕೂ ಎರಡು ಲಕೋಟೆ ಜಾಸ್ತಿ ಮಾಡಿಸಿಟ್ಟುಕೊಳ್ಳಿ. ಒಂದು ಸಲ ಬಂದಾಗಲೇ ಮಾಡಿಸಿದರೆ ಖರ್ಚು ಕಡಿಮೆ. ಆದರೆ ನೀವೇ ತೆರೆದು ನೋಡಬೇಡಿ, ತೆರೆದ ಲಕೋಟೆ ಬರೀ ಕಾಗದ.

ಅರ್ಜಿ ಕೊಟ್ಟಾಗ ಟಪಾಲು ವಿಭಾಗದಲ್ಲಿ ಇನ್‌ವರ್ಡ್ ನಂಬರ್ ಹಾಕಿಸಿ, ನಿಮ್ಮ ಪ್ರತಿಯ ಮೇಲೂ ಆ ನಂಬರು, ದಿನಾಂಕ, ಸೀಲು ಬೀಳಲಿ. ಆನ್‌ಲೈನ್ ಅರ್ಜಿಯಾದರೆ ಅರ್ಜಿ ಸಂಖ್ಯೆ, ಹಣ ಕಟ್ಟಿದ ರಸೀದಿ. ಫೋನ್‌ನಲ್ಲಿ "ನನ್ನದು ಏನಾಯ್ತು ಸರ್" ಅಂದರೆ ಉತ್ತರ ಸಿಗುವುದಿಲ್ಲ, "ಇಂಥ ದಿನದ ಇನ್‌ವರ್ಡ್ ನಂಬರ್ ಇಷ್ಟು, ಯಾವ ಟೇಬಲ್‌ನಲ್ಲಿದೆ" ಅಂದರೆ ಸಿಗುತ್ತದೆ. ಕೆಲವರು ಮೊದಲ ವಾರವೇ ಮಾಹಿತಿ ಹಕ್ಕು ಅರ್ಜಿ ಹಾಕುತ್ತೇನೆ ಅಂತ ಹೆದರಿಸುತ್ತಾರೆ. ಅದು ಕೊನೆಯ ಅಸ್ತ್ರ. ಅದಕ್ಕೆ ಉತ್ತರ ಕೊಡಲು ಕಾನೂನಿನಲ್ಲೇ 30 ದಿನ ಇದೆ, ನಿಮಗೆ ಬೇಕಿರುವುದು ಮೂರು ದಿನದಲ್ಲಿ ಅಲ್ವಾ.

ಮಧ್ಯವರ್ತಿಗಳ ವಿಷಯ. ವಿಶ್ವವಿದ್ಯಾಲಯದ ಊರಿನಲ್ಲಿ ಟ್ರಾನ್ಸ್‌ಕ್ರಿಪ್ಟ್ ಮಾಡಿಸಿಕೊಡುವ ಏಜೆಂಟರು ಸಿಗುತ್ತಾರೆ. ನೀವು ಹೊರದೇಶದಲ್ಲಿದ್ದು ಮನೆಯಲ್ಲಿ ಓಡಾಡುವವರು ಯಾರೂ ಇಲ್ಲದಿದ್ದರೆ ನಿಮ್ಮ ಕಷ್ಟ ಅರ್ಥವಾಗುತ್ತದೆ. ಇಲ್ಲೇ ಇದ್ದೂ ಏಜೆಂಟರ ಹತ್ತಿರ ಹೋಗಬೇಡಿ. ಸೀಲು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿಲ್ಲದ ಕಾಗದಕ್ಕೆ ನಿಮ್ಮ ಹೆಸರು ಅಂಟಿಕೊಂಡಿರುತ್ತದೆ.

ಜರ್ಮನಿಗೆ ಹೋಗುವವರಿಗೆ ಇನ್ನೊಂದು ಮೆಟ್ಟಿಲು ಇದೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ವೀಸಾಕ್ಕೆ ಮೊದಲು ಎಪಿಎಸ್ ಪ್ರಮಾಣಪತ್ರ ಪಡೆಯಬೇಕು. ಶುಲ್ಕ 18,000 ರೂಪಾಯಿ. ಅವರು ಮಾಡುವ ಕೆಲಸವೇ ನಿಮ್ಮ ಮಾರ್ಕ್ಸ್ ಕಾರ್ಡ್, ಪದವಿ ಅಸಲಿಯೇ ಅಂತ ನೋಡುವುದು. ಕಾಲೇಜಿಗೆ ಇಂಥ ಪರಿಶೀಲನೆಯ ಪತ್ರವೋ ಇಮೇಲೋ ಬಂದರೆ ತಡಮಾಡದೆ ಉತ್ತರ ಕೊಡಿ ಅಂತ ಪರೀಕ್ಷಾ ವಿಭಾಗದವರಿಗೆ ಮೊದಲೇ ಹೇಳಿಟ್ಟಿರಿ. ಆಮೇಲೆ ಬಹಳಷ್ಟು ಕಡೆಗೆ, ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಅರ್ಜಿ, ಮೊದಲನೆಯದಕ್ಕೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಪ್ರತಿಯೊಂದಕ್ಕೂ 30.

ಹೆಜ್ಜೆ 6: ನಿಮ್ಮ ಸಿಜಿಪಿಎ ಅವರ ಲೆಕ್ಕದಲ್ಲಿ ಎಷ್ಟು

ಸಿಜಿಪಿಎ ಅಂದರೆ ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್. ಅದು ಅಲ್ಲಿ ಎಷ್ಟಾಗುತ್ತದೆ ಅಂತ ಯಾರೂ ಹೇಳಿಕೊಡುವುದಿಲ್ಲ, ಆದರೆ ಇದರ ಮೇಲೇ ಎಷ್ಟೋ ಅರ್ಜಿ ಬಿದ್ದುಹೋಗುತ್ತವೆ. ಜರ್ಮನಿಯಲ್ಲಿ 1 ಅಂದರೆ ಅತಿ ಒಳ್ಳೆಯದು, 4 ಅಂದರೆ ಬರೀ ಪಾಸು. ಲೆಕ್ಕ ಹೀಗೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠದಿಂದ ಕನಿಷ್ಠ ಪಾಸ್ ಅಂಕ ಕಳೆದರೆ ಬರುವುದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ನಿಮ್ಮದು 10ಕ್ಕೆ 7.2 ಅಂತ ಇಟ್ಟುಕೊಳ್ಳೋಣ. ಕನಿಷ್ಠ ಪಾಸ್ 4 ಅಂತ ಹಿಡಿದರೆ 2.4 ಬರುತ್ತದೆ. ಕನಿಷ್ಠ 5 ಅಂತ ಹಿಡಿದರೆ ಸುಮಾರು 2.7. ಎಷ್ಟೋ ಮಾಸ್ಟರ್ಸ್ ಕೋರ್ಸ್‌ಗಳು 2.5ಕ್ಕೆ ಗೆರೆ ಎಳೆಯುತ್ತವೆ. ಒಂದರಲ್ಲಿ ನೀವು ಒಳಗೆ, ಇನ್ನೊಂದರಲ್ಲಿ ಹೊರಗೆ, ಅದೂ ನೀವು ಓದಿದ್ದು ಒಂದಿಷ್ಟೂ ಬದಲಾಗದೆ!

ನಮ್ಮಲ್ಲಿ ಈ ಗೊಂದಲಕ್ಕೆ ಕಾರಣ ಇದೆ. ಒಂದು ವಿಷಯ ಪಾಸಾಗಲು ಗ್ರೇಡ್ ಪಾಯಿಂಟ್ 4 ಸಾಕು, ಆದರೆ ಪದವಿಗೆ ಒಟ್ಟು ಸಿಜಿಪಿಎ 5 ಬೇಕು ಅನ್ನುವ ತರಹದ ನಿಯಮಗಳಿರುತ್ತವೆ. ಹಾಗಾಗಿ ನಿಮ್ಮ ಸ್ಕೀಮಿನ, ಅಂದರೆ ನಿಮ್ಮ ಬ್ಯಾಚಿಗೆ ಅನ್ವಯಿಸುವ ಪಠ್ಯಕ್ರಮದ, ನಿಯಮಾವಳಿ ತೆಗೆದು ಓದಿ, ಗರಿಷ್ಠ ಎಷ್ಟು, ಕನಿಷ್ಠ ಪಾಸ್ ಎಷ್ಟು ಅನ್ನುವುದನ್ನು ಪರೀಕ್ಷಾ ವಿಭಾಗದಿಂದ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ನಿಯಮದಲ್ಲಿ ಇರುವುದನ್ನೇ ಬರೆಸಿ, ನಿಮಗೆ ಬೇಕಾದ್ದನ್ನಲ್ಲ. ಶೇಕಡಾವಾರು ಕೇಳಿದಾಗಲೂ ಇದೇ ಮಾತು. ವಿಟಿಯು 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು, ಅಂದರೆ 8 ಇದ್ದವರಿಗೆ ಶೇ 72.5, ಎಲ್ಲರೂ ಬಾಯಲ್ಲಿ ಹೇಳುವ 80 ಅಲ್ಲ. ಸೀನಿಯರ್ ಹೇಳಿದ ಸೂತ್ರ ಅವರ ಸ್ಕೀಮಿನದ್ದು. ನಿಮ್ಮದನ್ನು ನೀವು ನೋಡಿಕೊಳ್ಳಿ.

ಹೆಜ್ಜೆ 7: ಸಣ್ಣ ಪುಟ್ಟ ಪತ್ರಗಳು

ಇವನ್ನು ಒಂದೇ ಸಲ ಕೇಳಿ. ಬೋಧನಾ ಮಾಧ್ಯಮ ಇಂಗ್ಲಿಷ್ ಅನ್ನುವ ಪತ್ರ, ಬ್ಯಾಕ್‌ಲಾಗ್ (ಮೊದಲ ಸಲ ಪಾಸಾಗದ ವಿಷಯಗಳ) ಪತ್ರ, ಇನ್ನೂ ಓದುತ್ತಿದ್ದರೆ ಬೋನಫೈಡ್, ಸಿಲೆಬಸ್ ಪ್ರತಿ. ಬ್ಯಾಕ್‌ಲಾಗ್ ಇದ್ದರೆ ಮುಚ್ಚಿಡಬೇಡಿ, ಮಾರ್ಕ್ಸ್ ಕಾರ್ಡಿನಲ್ಲಿ ತಿಂಗಳು ವರ್ಷ ಎಲ್ಲ ಇದೆ. ಎಷ್ಟು ಇತ್ತು, ಯಾವಾಗ ಪಾಸಾಯಿತು ಅಂತ ಸರಿಯಾಗಿ ಬರೆದ ಪತ್ರ ಇದ್ದರೆ ಸಾಕು. ಸಿಲೆಬಸ್ ಮಾತ್ರ ನಿರ್ಲಕ್ಷ್ಯ ಮಾಡಬೇಡಿ, ಜರ್ಮನಿಯವರು ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಅಂತ ಒಂದೊಂದನ್ನೂ ಹೋಲಿಸಿ ನೋಡುತ್ತಾರೆ. ಸ್ಕೀಮ್ ಬದಲಾದ ಮೇಲೆ ಹಳೆಯ ಸಿಲೆಬಸ್ ವೆಬ್‌ಸೈಟ್‌ನಲ್ಲಿ ಸಿಗದೇ ಹೋಗಬಹುದು, ಈಗಲೇ ಇಳಿಸಿಟ್ಟುಕೊಳ್ಳಿ.

ಹೆಜ್ಜೆ 8: ಓದುತ್ತಿರುವಾಗಲೇ ಒಂದು ಸೆಮಿಸ್ಟರ್ ಹೊರಗೆ ಹೋಗುವವರಿಗೆ

ಇಲ್ಲಿ ನಿಮ್ಮ ವಿಶ್ವವಿದ್ಯಾಲಯದ ಒಪ್ಪಿಗೆಯೇ ಎಲ್ಲ. "ನಮಗೆ ಇಷ್ಟು ವಿದೇಶಿ ಯೂನಿವರ್ಸಿಟಿಗಳ ಜೊತೆ ಒಪ್ಪಂದ ಇದೆ" ಅಂತ ಕಾಲೇಜಿನ ಬ್ರೋಷರ್‌ನಲ್ಲಿ ಬಾವುಟಗಳ ಸಾಲೇ ಇರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಈ ಒಪ್ಪಂದದಲ್ಲಿ ಕಳೆದ ಮೂರು ವರ್ಷದಲ್ಲಿ ಯಾರು ಹೋಗಿ ಬಂದರು, ಅವರ ಕ್ರೆಡಿಟ್ ಮಾರ್ಕ್ಸ್ ಕಾರ್ಡ್‌ಗೆ ಸೇರಿತಾ? ಹೋಗಿ ಬಂದವರ ಜೊತೆ ಮಾತಾಡುವವರೆಗೆ ಬಾವುಟಗಳನ್ನು ನಂಬಬೇಡಿ.

ಸ್ವಾಯತ್ತ ಕಾಲೇಜಾದರೆ ಅವರದ್ದೇ ಅಧ್ಯಯನ ಮಂಡಳಿ, ಅಕಾಡೆಮಿಕ್ ಕೌನ್ಸಿಲ್ ಇರುತ್ತದೆ, ಕ್ರೆಡಿಟ್ ಒಪ್ಪುವ ದಾರಿ ಹತ್ತಿರ. ಸ್ವಾಯತ್ತ ಅಲ್ಲದ ಸಂಯೋಜಿತ ಕಾಲೇಜಾದರೆ ಪತ್ರ ವಿಶ್ವವಿದ್ಯಾಲಯಕ್ಕೆ ಹೋಗಿ ಬರಬೇಕು, ಒಂದು ಪೂರ್ತಿ ಸೆಮಿಸ್ಟರ್ ಮೊದಲೇ ಶುರು ಮಾಡಿ. ಹೋಗುವ ಮೊದಲು ಒಂದು ಕೋಷ್ಟಕ ಮಾಡಿ: ಎಡಕ್ಕೆ ಇಲ್ಲಿ ತಪ್ಪುವ ವಿಷಯಗಳು, ಬಲಕ್ಕೆ ಅಲ್ಲಿ ಓದುವ ವಿಷಯಗಳು, ಎರಡರ ಕ್ರೆಡಿಟ್. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ 30 ಇಸಿಟಿಎಸ್ (ಅಲ್ಲಿಯ ಕ್ರೆಡಿಟ್ ಪದ್ಧತಿ) ಕ್ರೆಡಿಟ್. ನಮ್ಮ ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷಕ್ಕೆ 160, ಅಂದರೆ ಸೆಮಿಸ್ಟರಿಗೆ ಸುಮಾರು 20. ಹೀಗಾಗಿ ಅವರ ಒಂದೂವರೆ ಕ್ರೆಡಿಟ್ ನಮ್ಮ ಒಂದಕ್ಕೆ ಹತ್ತಿರ. ಈ ಲೆಕ್ಕ ಬಾಯಿಮಾತಿನಲ್ಲಿ ಬೇಡ, ಆ ಕೋಷ್ಟಕದ ಕೆಳಗೆ ಎಚ್‌ಒಡಿ, ಪ್ರಿನ್ಸಿಪಾಲ್, ಆ ಕಡೆಯ ಸಂಯೋಜಕರ ಸಹಿ ಬೀಳಲಿ. ನೀವು ವಾಪಸ್ ಬರುವ ಹೊತ್ತಿಗೆ ಎಚ್‌ಒಡಿ ಬದಲಾಗಿರಬಹುದು, ಹೊಸಬರಿಗೆ ಆ ಕಾಗದ ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ.

ಅಟೆಂಡೆನ್ಸ್ ಮರೆಯಬೇಡಿ. ವಿಟಿಯುನಲ್ಲಿ ಶೇ 85 ಹಾಜರಿ ಬೇಕು. ಹೊರಗಿದ್ದ ದಿನಗಳನ್ನು ಹಾಜರಿ ಅಂತ ಲೆಕ್ಕ ಹಾಕುತ್ತಾರೋ, ಇಂಟರ್ನಲ್ಸ್ ಯಾವಾಗ ಬರೆಯಬೇಕು, ಆ ಸೆಮಿಸ್ಟರಿನ ಫೀ ಇಲ್ಲೂ ಕಟ್ಟಬೇಕೋ, ಹಾಸ್ಟೆಲ್ ರೂಮು ಉಳಿಯುತ್ತದೋ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಇಡೀ ಸೆಮಿಸ್ಟರ್ ಕಷ್ಟ ಅನ್ನಿಸಿದರೆ ಬೇಸಿಗೆಯ ಸಂಶೋಧನಾ ಇಂಟರ್ನ್‌ಶಿಪ್ ಸುಲಭದ ದಾರಿ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಇಂಟರ್ನ್‌ಶಿಪ್ 12 ವಾರದ್ದು, ಜರ್ಮನಿಗೆ ಅಲ್ಲಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ವೈಸ್ ಇದೆ. ಕ್ರೆಡಿಟ್ ಗೋಜಲು ಇಲ್ಲ, ಕಾಲೇಜಿನಿಂದ ಬೇಕಾಗುವ ಕಾಗದವೂ ಕಡಿಮೆ.

ಎರಡೂ ಕಡೆಯ ಪದವಿ ಕೊಡುತ್ತೇವೆ ಅನ್ನುವ ಕೋರ್ಸ್‌ಗೆ ಸೇರುವವರು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2022ರ ನಿಯಮ ನೋಡಿ. ಟ್ವಿನ್ನಿಂಗ್ (ಸ್ವಲ್ಪ ಭಾಗ ಅಲ್ಲಿ ಓದಿ ಪದವಿ ಇಲ್ಲಿಯದ್ದೇ ಪಡೆಯುವುದು) ಆದರೆ ವಿದೇಶದಲ್ಲಿ ಗಳಿಸುವ ಕ್ರೆಡಿಟ್ ಶೇ 30 ಮೀರುವಂತಿಲ್ಲ. ಡ್ಯುಯಲ್ ಡಿಗ್ರಿ ಆದರೆ ಕನಿಷ್ಠ ಶೇ 30 ಇಲ್ಲೇ ಗಳಿಸಬೇಕು. ಹೀಗೆ ಒಪ್ಪಂದ ಮಾಡಿಕೊಳ್ಳಲು ಭಾರತದ ಸಂಸ್ಥೆಗೆ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವೋ ಅಥವಾ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ನ ವಿಶ್ವವಿದ್ಯಾಲಯಗಳ ಪಟ್ಟಿಯ ಮೊದಲ 100ರಲ್ಲಿ ಜಾಗವೋ ಬೇಕು, ಇಲ್ಲವೇ ಕೇಂದ್ರ ಗುರುತಿಸಿದ ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್ ಆಗಿರಬೇಕು. ಫೀ ಕಟ್ಟುವ ಮೊದಲು ಇದನ್ನು ಕೇಳಿದರೆ ಅಡ್ಮಿಷನ್ ಕೌನ್ಸೆಲರ್ ಮುಖ ನೋಡಿಯೇ ಅರ್ಧ ವಿಷಯ ತಿಳಿಯುತ್ತದೆ.

ಹೆಜ್ಜೆ 9: ಮೂರು ವರ್ಷದ ಡಿಗ್ರಿಯವರು

ಅಮೆರಿಕದ ಹಲವು ಯೂನಿವರ್ಸಿಟಿಗಳು ಮಾಸ್ಟರ್ಸ್‌ಗೆ ಒಟ್ಟು 16 ವರ್ಷದ ಓದು ಕೇಳುತ್ತವೆ. ಬಿಎಸ್ಸಿ, ಬಿಕಾಂನವರಿಗೆ 15 ಆಗುತ್ತದೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಮಧ್ಯದ ಮೂರು ಬ್ಯಾಚಿನವರಿಗೆ ನಾಲ್ಕನೆಯ ವರ್ಷ ಓದುವ ಅವಕಾಶ ಉಳಿಯಿತು. ನೀವು ಆ ಬ್ಯಾಚಿನವರಾಗಿದ್ದು ಹೊರಗೆ ಹೋಗುವ ಮನಸ್ಸಿದ್ದರೆ, ಮೂರಕ್ಕೆ ಬಿಟ್ಟು ಹೊರಡುವ ಮೊದಲು ಎರಡು ಸಲ ಯೋಚಿಸಿ. ಮೂರು ವರ್ಷದವರಿಗೆ ಬ್ರಿಟನ್ನಿನ ಬಾಗಿಲು ಸಲೀಸು, ಅಮೆರಿಕಕ್ಕೆ ಇಲ್ಲೇ ಎಂಎಸ್ಸಿ ಅಥವಾ ಎಂಕಾಂ ಮುಗಿಸಿ ಹೋಗುವವರೂ ಬಹಳ ಜನ ಇದ್ದಾರೆ.

ಹೆಜ್ಜೆ 10: ಫಲಿತಾಂಶದಿಂದ ವಿಮಾನದವರೆಗೆ

ಅಡ್ಮಿಷನ್ ಬಂತು, ಆದರೆ ಅದು ಷರತ್ತಿನ ಮೇಲೆ: ಪದವಿ ಮುಗಿದ ದಾಖಲೆ ಕೊಡಬೇಕು. ಇಲ್ಲಿ ಸ್ಕಾಲರ್‌ಶಿಪ್‌ನವರಿಗೆ ಒಂದು ಗಂಟು ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಇರುವುದು, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಅದಕ್ಕೆ ಷರತ್ತಿಲ್ಲದ ಅಡ್ಮಿಷನ್ ಪತ್ರ ಬೇಕು. ಷರತ್ತು ತೆಗೆಸಬೇಕಾದರೆ ನಿಮ್ಮ ವಿಶ್ವವಿದ್ಯಾಲಯ ಪ್ರಾವಿಷನಲ್ ಕೊಡಬೇಕು. ಹಾಗಾಗಿ ಕೆಲವರಿಗೆ ಆ ವರ್ಷವೇ ಹಾರುವುದಕ್ಕಿಂತ ಒಂದು ವರ್ಷ ಕೆಲಸ ಮಾಡಿ, ಎಲ್ಲ ಕಾಗದ ಕೈಯಲ್ಲಿ ಹಿಡಿದು ಅರ್ಜಿ ಹಾಕುವುದೇ ಲಾಭ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಪರಿಶಿಷ್ಟ ಜಾತಿ, ಪಂಗಡದವರು ಜೊತೆಯಲ್ಲೇ ನೋಡಿ.

ಫಲಿತಾಂಶ ಬಂದ ದಿನವೇ ಪ್ರಾವಿಷನಲ್‌ಗೆ ಅರ್ಜಿ ಕೊಡಿ. ಫಲಿತಾಂಶ ತಡವಾಗುತ್ತಿದ್ದರೆ "ಈ ವಿದ್ಯಾರ್ಥಿ ಎಲ್ಲ ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಬಾಕಿ ಇದೆ" ಅಂತ ಪ್ರಿನ್ಸಿಪಾಲರ ಪತ್ರ ತೆಗೆದುಕೊಂಡು, ಆ ಕಡೆಯ ಅಡ್ಮಿಷನ್ ಕಚೇರಿಗೆ ಮೊದಲೇ ತಿಳಿಸಿ ಸಮಯ ಕೇಳಿ. ಹೇಳಿ ತಡ ಮಾಡಿದವರಿಗೆ ಸಮಯ ಕೊಡುತ್ತಾರೆ. ಅಮೆರಿಕದಲ್ಲಿ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಕೊಡದಿದ್ದರೆ ಮುಂದಿನ ಸೆಮಿಸ್ಟರಿಗೆ ನೋಂದಣಿಯನ್ನೇ ತಡೆಹಿಡಿಯುವುದುಂಟು. ಅದಕ್ಕೇ ಹೊರಡುವ ಮೊದಲು ಅಂತಿಮ ಟ್ರಾನ್ಸ್‌ಕ್ರಿಪ್ಟ್‌ನ ಎರಡು ಸೀಲು ಲಕೋಟೆ ಕೈಚೀಲದಲ್ಲಿ ಇರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ.

ಘಟಿಕೋತ್ಸವಕ್ಕೆ ನೀವು ಇಲ್ಲಿ ಇರುವುದಿಲ್ಲ. ಅದರ ಅರ್ಜಿ, ಶುಲ್ಕ ಎರಡನ್ನೂ ಹೊರಡುವ ಮೊದಲೇ ಮುಗಿಸಿ, ಗೈರುಹಾಜರಿಯಲ್ಲಿ ಪದವಿ ಪಡೆಯುತ್ತೇನೆ ಅಂತ ಗುರುತು ಹಾಕಿ. ಕೊನೆಗೆ ಅಧಿಕಾರ ಪತ್ರ. ನಿಮ್ಮ ಪರವಾಗಿ ಅಮ್ಮನೋ ತಮ್ಮನೋ ಕಾಗದ ತೆಗೆದುಕೊಳ್ಳಬಹುದು ಅಂತ ಬರೆದು, ಸಹಿ ಹಾಕಿ, ನಿಮ್ಮ ಪಾಸ್‌ಪೋರ್ಟ್ ಪ್ರತಿ ಮತ್ತು ಅವರ ಆಧಾರ್ ಪ್ರತಿ ಲಗತ್ತಿಸಿ, ದಿನಾಂಕದ ಜಾಗ ಖಾಲಿ ಬಿಟ್ಟು ನಾಲ್ಕು ಪ್ರತಿ ಮನೆಯಲ್ಲಿ ಇಟ್ಟು ಹೋಗಿ. ಒಂದು ಸಲ ಅವರನ್ನು ಕರೆದುಕೊಂಡು ಹೋಗಿ ಆ ಕೌಂಟರನ್ನೂ, ಆ ಕೇಸ್ ವರ್ಕರ್ ಮೇಡಂ ಅವರನ್ನೂ ತೋರಿಸಿ ಬನ್ನಿ. ನನ್ನ ಪದವಿ ಪ್ರಮಾಣಪತ್ರ ತಂದದ್ದು ಅಮ್ಮ. ಲಕೋಟೆ ಕೈಗೆ ಬಂದ ಕೂಡಲೇ ಅಲ್ಲೇ ನಿಂತು, ತಿರುಗಿಸಿ, ಅಂಟಿಸಿದ ಜಾಗದ ಮೇಲೆ ಸೀಲು ಬಿದ್ದಿದೆಯಾ ಅಂತ ನೋಡಿ, ಆಮೇಲೆ ನನಗೆ ಫೋನ್ ಮಾಡಿದರು.